‘ಐಪಿ ಖಾಲಿಯಾಗಿದೆ’ ಎನ್ನುತ್ತಾರೆ, ನಿಜವೇ? ಗೋದಾಮಿನ ಕ್ಯಾಮೆರಾ ಹೊರಗಿನಿಂದ ಕಾಣದಿರಲು ಕಾರಣ

ಪ್ರಶ್ನೆ: ತಿಪಟೂರಿನಲ್ಲಿ ನನ್ನದು ಕೊಬ್ಬರಿ ಗೋದಾಮು. ನಾಲ್ಕು ಕ್ಯಾಮೆರಾ, ಒಂದು ಡಿವಿಆರ್ (ಕ್ಯಾಮೆರಾ ದೃಶ್ಯ ದಾಖಲಿಸುವ ಪೆಟ್ಟಿಗೆ) ಇದೆ. ಹಳೆಯ ಟೆಲಿಫೋನ್ ತಂತಿಯ ಬ್ರಾಡ್‌ಬ್ಯಾಂಡ್ ಇದ್ದಾಗ ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ, ಡೈನಮಿಕ್ ಡಿಎನ್‌ಎಸ್ ಹೆಸರು (ಐಪಿ ಬದಲಾದರೂ ಬದಲಾಗದ ಹೆಸರು) ಇಟ್ಟುಕೊಂಡು ಬೆಂಗಳೂರಿನ ಮಗಳ ಮನೆಯಿಂದಲೂ ನೋಡುತ್ತಿದ್ದೆ. ಈಗ ಕೇಬಲ್‌ನವರ ಫೈಬರ್ ಹಾಕಿಸಿದ್ದೇನೆ. ವೇಗಕ್ಕೇನೂ ಕೊರತೆಯಿಲ್ಲ, ಆದರೆ ಹೊರಗಿನಿಂದ ಡಿವಿಆರ್ ತೆರೆಯುವುದೇ ಇಲ್ಲ. ರೂಟರಿನಲ್ಲಿ ಐಪಿ (ಜಾಲದ ವಿಳಾಸ ಸಂಖ್ಯೆ) 100.72 ಎಂದು ಶುರುವಾಗುತ್ತದೆ, ಐಪಿ ತೋರಿಸುವ ತಾಣದಲ್ಲಿ ನೋಡಿದರೆ 103 ಎಂದು ಬರುತ್ತದೆ. ಕೇಳಿದರೆ ‘ಪ್ರಪಂಚದಲ್ಲೇ ಐಪಿ ಖಾಲಿಯಾಗಿದೆ ಸಾರ್, ಸ್ಟ್ಯಾಟಿಕ್ (ಬದಲಾಗದ ಐಪಿ) ಬೇಕಾದರೆ ವರ್ಷಕ್ಕೆ ಬೇರೆ ದುಡ್ಡು’ ಎನ್ನುತ್ತಾರೆ. ಕ್ಯಾಮೆರಾ ಹಾಕಿದ ಹುಡುಗ ‘ಡಿಎಂಜೆಡ್ ಆನ್ ಮಾಡಿದ್ದೇನೆ, ಪಬ್ಲಿಕ್ ಐಪಿ ತಗೊಂಡರೆ ತಾನೇ ಬರುತ್ತೆ’ ಎಂದಿದ್ದಾನೆ. ಸಂಖ್ಯೆ ಖಾಲಿಯಾಗುವುದೆಂದರೇನು? ಹೊಸ ಬಗೆಯ ಐಪಿ ಬಂದು ಎಷ್ಟೋ ವರ್ಷವಾಯಿತು ಎಂದು ಓದಿದ್ದೇನೆ, ಅದೇಕೆ ಇಲ್ಲ? ನನಗೆ ಮೋಸವಾಗುತ್ತಿದೆಯೇ?

ಉತ್ತರ: ಮೊದಲು ಮಾಡಬೇಕಾದ ಕೆಲಸ ಒಂದಿದೆ. ಈ ಉತ್ತರ ಓದಿ ಮುಗಿಸುವ ಮುನ್ನವೇ ರೂಟರಿಗೆ ಹೋಗಿ ಡಿಎಂಜೆಡ್ ಆಫ್ ಮಾಡಿ. ಹೊರಗಿನಿಂದ ಬರುವುದನ್ನೆಲ್ಲ ಒಂದೇ ಉಪಕರಣಕ್ಕೆ ಕಳಿಸುವ ಸೆಟ್ಟಿಂಗ್ ಅದು. ಪಬ್ಲಿಕ್ ಐಪಿ, ಎಂದರೆ ಹೊರಗಿನಿಂದ ನೇರವಾಗಿ ತಲುಪಬಹುದಾದ ವಿಳಾಸ, ಇಲ್ಲದಿರುವುದರಿಂದ ಇವತ್ತಿಗೆ ಅದರಿಂದ ತೊಂದರೆಯಾಗಿಲ್ಲ. ನಾಳೆ ನೀವು ದುಡ್ಡು ಕೊಟ್ಟು ಪಬ್ಲಿಕ್ ಐಪಿ ತೆಗೆದುಕೊಂಡ ಕ್ಷಣವೇ ಡಿವಿಆರ್ ಇಡೀ ಪ್ರಪಂಚಕ್ಕೆ ತೆರೆದುಕೊಳ್ಳುತ್ತದೆ. ಅದು ಏಕೆ ಅಪಾಯ ಎಂಬುದನ್ನು ಕೆಳಗೆ ವಿವರಿಸುತ್ತೇನೆ.

ಇನ್ನು ನಿಮ್ಮ ಮುಖ್ಯ ಅನುಮಾನ. ಕೇಬಲ್‌ನವರು ಹೇಳಿದ್ದು ಸುಳ್ಳಲ್ಲ. ನೀವು ಬರೆದಿರುವ 103 ಎಂಬ ಅಂಕಿಯೇ ಅದಕ್ಕೆ ಸಾಕ್ಷಿ. ಅದನ್ನು ಅರ್ಥ ಮಾಡಿಕೊಳ್ಳಲು ಸುಮಾರು ಐವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಇಂಟರ್‌ನೆಟ್‌ಗೆ ಮೂಲವಾದ ಅಮೆರಿಕದ ಆರ್ಪಾನೆಟ್‌ನಲ್ಲಿ ಮೊದಲ ಸಂದೇಶ ಹೋದದ್ದು 1969ರ ಅಕ್ಟೋಬರ್ 29ರಂದು, ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿಗೆ. ಆಗ ವಿಳಾಸಕ್ಕೆ ಮೀಸಲಿಟ್ಟದ್ದು ಬರೀ 8 ಬಿಟ್. ಬಿಟ್ ಎಂದರೆ 0 ಅಥವಾ 1 ಹಿಡಿಸುವ ಒಂದು ಸ್ಥಾನ. ಅದರಲ್ಲಿ ಆರು ಬಿಟ್ ಜಾಲದ ಸ್ವಿಚ್ಚಿಗೆ, ಎರಡು ಬಿಟ್ ಅದಕ್ಕೆ ಜೋಡಿಸಿದ ಕಂಪ್ಯೂಟರಿಗೆ. ಒಟ್ಟು 256 ಕಂಪ್ಯೂಟರುಗಳಿಗಷ್ಟೇ ಜಾಗ. ಬೇರೆ ಬೇರೆ ಜಾಲಗಳನ್ನು ಒಂದಕ್ಕೊಂದು ಬೆಸೆಯುವ ವಿಧಾನವನ್ನು ವಿಂಟ್ ಸರ್ಫ್ ಮತ್ತು ಬಾಬ್ ಕಾನ್ 1974ರಲ್ಲಿ ಪ್ರಕಟಿಸಿದರು. ಆ ಪ್ರಬಂಧದಲ್ಲಿ ಜಾಲದ ಗುರುತಿಗೆ 8 ಬಿಟ್ ಇಟ್ಟು, 256 ಜಾಲಗಳು ಸದ್ಯಕ್ಕೆ ಧಾರಾಳವಾಗಿ ಸಾಕು ಎಂದುಕೊಂಡಿದ್ದರು. ದೇಶಕ್ಕೆ ಒಂದೋ ಎರಡೋ ಜಾಲ ಇರಬಹುದೆಂಬ ಕಾಲದ ಲೆಕ್ಕ ಅದು. ಮನೆಮನೆಯಲ್ಲೂ ಒಂದೊಂದು ಜಾಲ ಇರುತ್ತದೆಂದು ಊಹಿಸಲು ಆಗ ಯಾವ ಆಧಾರವೂ ಇರಲಿಲ್ಲ.

1977ರ ಹೊತ್ತಿಗೆ ವಿಳಾಸದ ಉದ್ದ ಎಷ್ಟಿರಬೇಕೆಂಬ ಚರ್ಚೆ ಗಟ್ಟಿಯಾಗಿ ನಡೆಯಿತು. 32 ಬಿಟ್ ಸಾಕು ಎನ್ನುವವರಿದ್ದರು, 128 ಬೇಕು ಎನ್ನುವವರಿದ್ದರು, ಬೇಕಾದಷ್ಟು ಹಿಗ್ಗುವ ವಿಳಾಸ ಇರಲಿ ಎನ್ನುವವರೂ ಇದ್ದರು. ಇದೊಂದು ಪ್ರಯೋಗ, 32 ಸಾಕು ಎಂದು ತೀರ್ಮಾನಿಸಿದವರು ಸರ್ಫ್. ಆ ಪ್ರಯೋಗ ಮುಗಿಯದೆ ಹಾಗೆಯೇ ಮುಂದುವರಿಯಿತು ಎಂದು ಅವರೇ ಎಷ್ಟೋ ಸಭೆಗಳಲ್ಲಿ ಹೇಳಿದ್ದಾರೆ. ಆ ತೀರ್ಮಾನವನ್ನು ದಡ್ಡತನ ಎನ್ನಲು ನನಗೆ ಮನಸ್ಸಿಲ್ಲ. ಆಗಿನ ಸಂಪರ್ಕದ ವೇಗ ಸೆಕೆಂಡಿಗೆ 50 ಕಿಲೋಬಿಟ್. ಪ್ರತಿ ಪ್ಯಾಕೆಟ್ಟೂ, ಎಂದರೆ ಮಾಹಿತಿಯ ಪ್ರತಿ ತುಣುಕೂ, ಕಳಿಸಿದವರ ವಿಳಾಸ, ತಲುಪಬೇಕಾದವರ ವಿಳಾಸ ಎರಡನ್ನೂ ಹೊತ್ತುಕೊಂಡೇ ಹೋಗಬೇಕು. 32 ಬಿಟ್ ಆದರೆ ಇದಕ್ಕೆ 8 ಬೈಟ್, 128 ಆದರೆ 32 ಬೈಟ್. ಒಂದು ಅಕ್ಷರ ಒತ್ತಿದರೆ ಒಂದು ಪ್ಯಾಕೆಟ್ ಹೋಗುತ್ತಿದ್ದ ದಿನಗಳಲ್ಲಿ ಆ ವ್ಯತ್ಯಾಸ ನಿಜವಾದ ಹೊರೆ. 1981ರ ಆಗಸ್ಟಿನಲ್ಲಿ ಇಡೀ ಜಾಲದಲ್ಲಿದ್ದ ಕಂಪ್ಯೂಟರುಗಳು 213. ಅದರ ಮರುತಿಂಗಳು ಪ್ರಕಟವಾದ ಆರ್‌ಎಫ್‌ಸಿ 791 ಎಂಬ ದಾಖಲೆ ಇವತ್ತಿಗೂ ನಿಮ್ಮ ರೂಟರು ಪಾಲಿಸುತ್ತಿರುವ ಐಪಿವಿ4 ನಿಯಮ. 32 ಬಿಟ್ ಎಂದರೆ 429 ಕೋಟಿ 49 ಲಕ್ಷ 67 ಸಾವಿರದ 296 ವಿಳಾಸ. ಆಗಿನ ಲೋಕದ ಜನಸಂಖ್ಯೆಗೆ ಹೆಚ್ಚೂ ಕಡಿಮೆ ಸಮ.

1983ರ ಜನವರಿ 1ರಂದು ಆರ್ಪಾನೆಟ್‌ನ ಹಳೆಯ ನಿಯಮ ನಿಲ್ಲಿಸಿ ಎಲ್ಲರೂ ಇಂದಿನ ನಿಯಮವಾದ ಟಿಸಿಪಿ/ಐಪಿಗೆ ಬದಲಾದರು. ಇಂಟರ್‌ನೆಟ್‌ನ ಹುಟ್ಟುಹಬ್ಬ ಎಂದು ಹಲವರು ಈ ದಿನವನ್ನೇ ಹೇಳುತ್ತಾರೆ. ನಿಮ್ಮ ಪ್ರಶ್ನೆಗೂ ಈ ದಿನಕ್ಕೂ ನೇರ ಸಂಬಂಧವಿದೆ. ಕೆಲವು ನೂರು ಕಂಪ್ಯೂಟರುಗಳಿದ್ದಾಗ, ಎಲ್ಲವನ್ನೂ ನೋಡಿಕೊಳ್ಳುವ ಒಂದೇ ಇಲಾಖೆ ಇದ್ದಾಗ, ಒಂದು ದಿನಾಂಕ ಗೊತ್ತುಮಾಡಿ ಬದಲಾಯಿಸಲು ಸಾಧ್ಯವಾಯಿತು. ಆಗಲೂ ಹಿಂದಿನ ವರ್ಷ ಒಂದೆರಡು ದಿನ ಹಳೆಯದನ್ನು ನಿಲ್ಲಿಸಿ ತೋರಿಸಿ ಹೆದರಿಸಬೇಕಾಯಿತು. ಅಂಥ ದಿನಾಂಕವೊಂದನ್ನು ಇಂದು ಗೊತ್ತುಮಾಡುವ ಅಧಿಕಾರ ಯಾರಿಗೂ ಇಲ್ಲ.

ಸಂಖ್ಯೆ ದೊಡ್ಡದಿದ್ದರೂ ಹಂಚಿದ ರೀತಿ ಉದಾರವಾಗಿತ್ತು. ವಿಳಾಸಗಳನ್ನು ಎ, ಬಿ, ಸಿ ಎಂಬ ಮೂರೇ ಅಳತೆಯಲ್ಲಿ ಕೊಡುತ್ತಿದ್ದರು. ಸಿ ಎಂದರೆ 256, ಬಿ ಎಂದರೆ 65,536, ಎ ಎಂದರೆ ಒಂದು ಕೋಟಿ 67 ಲಕ್ಷಕ್ಕೂ ಹೆಚ್ಚು. ಮುನ್ನೂರು ಕಂಪ್ಯೂಟರ್ ಇರುವ ಕಾಲೇಜಿಗೆ ಸಿ ಸಾಲದು, ಹಾಗಾಗಿ ಬಿ ಕೊಡುವುದು, ಉಳಿದ 65 ಸಾವಿರ ವ್ಯರ್ಥ. ಎಂಐಟಿ, ಫೋರ್ಡ್, ಆಪಲ್‌ನಂಥ ಸಂಸ್ಥೆಗಳಿಗೆ ಒಂದೊಂದು ಇಡೀ ಎ ಸಿಕ್ಕಿತು. 1993ರಲ್ಲಿ ಸಿಐಡಿಆರ್ ಎಂಬ ಪದ್ಧತಿ ಬಂದು ಬೇಕಾದಷ್ಟನ್ನೇ ಕತ್ತರಿಸಿ ಕೊಡುವುದು ಶುರುವಾಯಿತು. ಭಾರತದಲ್ಲಿ 1986ರಿಂದ ಅರ್ನೆಟ್ ಜಾಲವಿತ್ತು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದರ ಮೊದಲ ಕೇಂದ್ರಗಳಲ್ಲೊಂದು. ಜನಸಾಮಾನ್ಯರಿಗೆ ವಿಎಸ್‌ಎನ್‌ಎಲ್ ಇಂಟರ್‌ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. ಧಾರಾಳವಾಗಿ ಹಂಚುವ ಕಾಲ ಮುಗಿದ ಮೇಲೆ ನಾವು ಬಂದೆವು. ಜನಸಂಖ್ಯೆಗೆ ಹೋಲಿಸಿದರೆ ನಮ್ಮ ದೇಶದ ಪಾಲು ಬಹಳ ಕಡಿಮೆ ಇರುವುದಕ್ಕೆ ಇದೊಂದು ದೊಡ್ಡ ಕಾರಣ.

‘ಹಳಬರು ಬಚ್ಚಿಟ್ಟುಕೊಂಡದ್ದನ್ನು ವಾಪಸು ಕೊಟ್ಟರೆ ಸಾಕಲ್ಲ’ ಎಂಬ ಮಾತನ್ನು ಹಲವರು ಹೇಳುತ್ತಾರೆ. ಅದರಲ್ಲಿ ಅರ್ಧ ಸತ್ಯವಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ತನ್ನ ಇಡೀ ಎ ವಿಭಾಗವನ್ನು 2000ದಲ್ಲಿ ಹಿಂತಿರುಗಿಸಿತು. ಎಂಐಟಿ ತನ್ನ ವಿಳಾಸಗಳಲ್ಲಿ ದೊಡ್ಡ ಪಾಲನ್ನು 2017ರಲ್ಲಿ ಮಾರಿತು. 240ರಿಂದ ಶುರುವಾಗುವ ಸುಮಾರು 26 ಕೋಟಿ 84 ಲಕ್ಷ ವಿಳಾಸಗಳು ಮುಂದಿನ ಬಳಕೆಗೆಂದು ಕಾದಿರಿಸಿ ಇವತ್ತಿಗೂ ಬಳಸದೆ ಉಳಿದಿವೆ. ಹಳೆಯ ಉಪಕರಣಗಳು ಅಂಥ ವಿಳಾಸ ಕಂಡರೆ ಪ್ಯಾಕೆಟ್ಟನ್ನೇ ಬಿಸಾಡುತ್ತವೆ, ಅದಕ್ಕೆ. ಇದೆಲ್ಲ ಸೇರಿದರೂ ಗಂಡಾಂತರ ಒಂದೆರಡು ವರ್ಷ ಮುಂದೆ ಹೋಗುತ್ತಿತ್ತು, ಅಷ್ಟೆ. 2010ರ ಒಂದೇ ವರ್ಷದಲ್ಲಿ ಜಾಗತಿಕ ದಾಸ್ತಾನಿನಿಂದ ಹೊರಹೋದದ್ದು ಆ 26 ಕೋಟಿಗಿಂತ ಹೆಚ್ಚು.

2011ರ ಫೆಬ್ರವರಿ 3ರಂದು ಜಾಗತಿಕ ದಾಸ್ತಾನು ಬರಿದಾಯಿತು. ಉಳಿದಿದ್ದ ಕೊನೆಯ ಐದು ದೊಡ್ಡ ಕಟ್ಟುಗಳನ್ನು ಐದು ಭೂಭಾಗಗಳ ನೋಂದಣಿ ಸಂಸ್ಥೆಗಳಿಗೆ ಒಂದೊಂದು ಕೊಟ್ಟರು. ಏಷ್ಯಾ ಪೆಸಿಫಿಕ್ ಭಾಗಕ್ಕೆ, ಎಂದರೆ ನಮಗೆ, ಬಂದ ಕೊನೆಯ ಕಟ್ಟು 103ರಿಂದ ಶುರುವಾಗುವುದು. ಅದೇ ಏಪ್ರಿಲ್ 15ರಿಂದ ನಮ್ಮ ಭಾಗದಲ್ಲಿ ಕಡಿತದ ಹಂಚಿಕೆ ಜಾರಿಗೆ ಬಂತು. ಸಂಸ್ಥೆ ಎಷ್ಟೇ ದೊಡ್ಡದಿರಲಿ, ಈ ಕಟ್ಟಿನಿಂದ 1,024 ವಿಳಾಸಕ್ಕಿಂತ ಹೆಚ್ಚಿಲ್ಲ. 2019ರಲ್ಲಿ ಅದನ್ನೂ 512ಕ್ಕೆ ಇಳಿಸಿದರು. ಆಮೇಲೆ ಹುಟ್ಟಿದ ಸಣ್ಣಪುಟ್ಟ ಫೈಬರ್ ಸಂಸ್ಥೆಗಳೆಲ್ಲ 103ರ ತುಣುಕನ್ನೇ ಹಿಡಿದುಕೊಂಡು ನಡೆಯುತ್ತಿವೆ. ನಿಮ್ಮ ಕೇಬಲ್‌ನವರ ಕೈಯಲ್ಲಿರುವುದೂ ಅಂಥದ್ದೇ. ಹೆಚ್ಚು ಬೇಕಾದರೆ ಮಾರುಕಟ್ಟೆಯಲ್ಲಿ ಕೊಳ್ಳಬೇಕು. 2011ರಲ್ಲೇ ಮೈಕ್ರೋಸಾಫ್ಟ್, ದಿವಾಳಿಯಾದ ನಾರ್ಟೆಲ್ ಕಂಪನಿಯಿಂದ 6,66,624 ವಿಳಾಸಗಳನ್ನು 75 ಲಕ್ಷ ಡಾಲರಿಗೆ ಕೊಂಡಿತ್ತು, ಒಂದಕ್ಕೆ 11 ಡಾಲರಿಗೂ ಮಿಕ್ಕಿ. ಹಾಗಾಗಿ ಸ್ಟ್ಯಾಟಿಕ್ ಐಪಿಗೆ ಬೇರೆ ದುಡ್ಡು ಕೇಳುವುದರಲ್ಲಿ ನ್ಯಾಯವಿದೆ. ಮೊತ್ತ ಎಷ್ಟು ಎಂಬುದರಲ್ಲಿ ಚೌಕಾಸಿ ಮಾಡುವುದು ನಿಮಗೆ ಬಿಟ್ಟದ್ದು.

ವಿಳಾಸ ಇಲ್ಲದಿದ್ದರೂ ನಿಮ್ಮ ಫೋನು, ಟಿವಿ ಎಲ್ಲ ನಡೆಯುತ್ತಿವೆಯಲ್ಲ, ಅದು 1994ರಲ್ಲಿ ಬಂದ ನ್ಯಾಟ್ ಎಂಬ ಉಪಾಯದಿಂದ. ಒಂದು ವಠಾರದಲ್ಲಿ ಇಪ್ಪತ್ತು ಸಂಸಾರವಿದ್ದು, ಹೊರಗೆ ಒಂದೇ ಬಾಗಿಲ ಸಂಖ್ಯೆ ಇದ್ದ ಹಾಗೆ. ಒಳಗಿನವರು ಬರೆದ ಪತ್ರಕ್ಕೆ ಉತ್ತರ ಬಂದರೆ ಯಾರದ್ದೆಂದು ಬಾಗಿಲಲ್ಲಿ ಕೂತವನು ಗುರುತಿಟ್ಟುಕೊಂಡು ಕೊಡುತ್ತಾನೆ. ಹೊರಗಿನಿಂದ ಹೊಸದಾಗಿ ಬಂದ ಪತ್ರ ಯಾರಿಗೆಂದು ಅವನಿಗೆ ತಿಳಿಯುವುದಿಲ್ಲ, ಬದಿಗಿಡುತ್ತಾನೆ. ನಿಮ್ಮ ಮನೆಯ ರೂಟರಿನಲ್ಲಿ ಈ ಬಾಗಿಲು ನಿಮ್ಮದೇ, ಆದ್ದರಿಂದ ‘ಇಂಥ ಪೋರ್ಟಿಗೆ ಬಂದದ್ದು ಡಿವಿಆರ್‌ಗೆ’ ಎಂದು ಬರೆದಿಡಬಹುದಿತ್ತು. ಪೋರ್ಟ್ ಎಂದರೆ ಒಂದೇ ವಿಳಾಸದೊಳಗೆ ಬೇರೆ ಬೇರೆ ಸೇವೆಗಳನ್ನು ಗುರುತಿಸುವ ಸಂಖ್ಯೆ. ಪೋರ್ಟ್ ಫಾರ್ವರ್ಡ್ ಎಂದರೆ ಹೀಗೆ ಬರೆದಿಡುವುದು, ಅಷ್ಟೇ. ಈಗ ಕೇಬಲ್‌ನವರ ಕಡೆ ಇನ್ನೊಂದು ನ್ಯಾಟ್ ಇದೆ. ಸಿಜಿನ್ಯಾಟ್ ಎಂದು ಅದರ ಹೆಸರು. ಆ ಬಾಗಿಲಿನ ಮೇಲೆ ನಿಮಗೆ ಹಕ್ಕಿಲ್ಲ. 100.64.0.0ಯಿಂದ 100.127.255.255ರವರೆಗಿನ ಸುಮಾರು 42 ಲಕ್ಷ ವಿಳಾಸಗಳನ್ನು 2012ರ ಏಪ್ರಿಲಿನಲ್ಲಿ ಈ ಕೆಲಸಕ್ಕೆಂದೇ ತೆಗೆದಿಟ್ಟರು. ನಿಮ್ಮ 100.72 ಅದರೊಳಗೇ ಬರುತ್ತದೆ.

ಎಷ್ಟು ಜನ ಒಂದು ವಿಳಾಸ ಹಂಚಿಕೊಳ್ಳುತ್ತಾರೆ ಎಂಬುದಕ್ಕೂ ಲೆಕ್ಕವಿದೆ. ಒಂದು ವಿಳಾಸಕ್ಕೆ 65,536 ಪೋರ್ಟ್. ಮೊದಲ 1,024 ಬಿಟ್ಟರೆ ಉಳಿಯುವುದು 64,512. ಗ್ರಾಹಕರಿಗೆ ತಲಾ 1,008 ಪೋರ್ಟ್ ಮೀಸಲಿಟ್ಟರೆ ಒಂದು ವಿಳಾಸದಲ್ಲಿ 64 ಮನೆ. ಪೋರ್ಟ್ ಇನ್ನೂ ಬಿಗಿಯಾಗಿ ಹಂಚಿದ ಕಡೆ ಒಂದೇ ಮನೆಯಲ್ಲಿ ಹತ್ತು ಉಪಕರಣ ಒಟ್ಟಿಗೆ ಕೆಲಸ ಮಾಡಿದಾಗ ಕೆಲವು ಪುಟ ತೆರೆಯದೆ ನಿಲ್ಲುವುದು, ‘ನೀವು ರೋಬೋಟ್ ಅಲ್ಲವೆಂದು ತೋರಿಸಿ’ ಎಂದು ತಾಣಗಳು ಪದೇ ಪದೇ ಕೇಳುವುದು, ನೆರೆಯವರ ತಪ್ಪಿಗೆ ನಿಮ್ಮ ವಿಳಾಸಕ್ಕೆ ತಡೆ ಬೀಳುವುದು, ಇವೆಲ್ಲ ಆಗುತ್ತವೆ.

ಹೀಗಿರುವಾಗ ಡೈನಮಿಕ್ ಡಿಎನ್‌ಎಸ್ ಬದಲಾಯಿಸುವುದು, ರೂಟರ್ ಬದಲಾಯಿಸುವುದು, ಪೋರ್ಟ್ ಸಂಖ್ಯೆ 8000 ಬಿಟ್ಟು 9000 ಇಡುವುದು, ಡಿಎಂಜೆಡ್, ಯುಪಿಎನ್‌ಪಿ (ಉಪಕರಣವೇ ರೂಟರಿನಲ್ಲಿ ಪೋರ್ಟ್ ತೆರೆಸಿಕೊಳ್ಳುವ ಸೌಲಭ್ಯ), ಇವೆಲ್ಲ ನಿಷ್ಪ್ರಯೋಜಕ. ಇದಕ್ಕೆಂದು ಮತ್ತೆ ಮತ್ತೆ ದುಡ್ಡು ಕೊಡಬೇಡಿ. ಆದರೆ ಒಂದನ್ನು ಖಚಿತಪಡಿಸಿಕೊಳ್ಳಿ. ರೂಟರಿನ ‘ವ್ಯಾನ್’ (ಹೊರಸಂಪರ್ಕದ) ಪುಟದಲ್ಲಿ 100.64ರಿಂದ 100.127ರೊಳಗಿನ ಅಥವಾ 10ರಿಂದ ಶುರುವಾಗುವ ವಿಳಾಸ ಇದ್ದರೆ ಬಹುಮಟ್ಟಿಗೆ ಸಿಜಿನ್ಯಾಟ್ ಎಂದೇ ತಿಳಿಯಿರಿ. ಅದೇ ಜಾಗದಲ್ಲಿ 192.168 ಎಂದು ಕಂಡರೆ ಕಥೆ ಬೇರೆ. ಕೇಬಲ್‌ನವರು ಕೊಟ್ಟ ಫೈಬರ್ ಡಬ್ಬಿಯೂ ರೂಟರಾಗಿ ಕೆಲಸ ಮಾಡುತ್ತಿದ್ದು, ಅದರ ಹಿಂದೆ ನೀವು ಇನ್ನೊಂದು ರೂಟರ್ ಹಾಕಿದ್ದೀರಿ ಎಂದರ್ಥ. ಆಗ ಆ ಡಬ್ಬಿಯನ್ನು ಬ್ರಿಡ್ಜ್ ಮೋಡಿಗೆ (ರೂಟರ್ ಕೆಲಸ ಬಿಟ್ಟು ಸಂಪರ್ಕವನ್ನಷ್ಟೇ ದಾಟಿಸುವ ಸ್ಥಿತಿಗೆ) ಹಾಕಿಸಿ, ನಿಮ್ಮ ರೂಟರಿನಲ್ಲೇ ಪಿಪಿಪಿಒಇ (ಸಂಪರ್ಕದ ಲಾಗಿನ್) ಹೆಸರು, ಪಾಸ್‌ವರ್ಡ್ ತುಂಬಿ ಮತ್ತೆ ನೋಡಬೇಕು.

ಈಗ ಹೊಸ ಐಪಿಯ ಮಾತು. ಐಪಿವಿ6ರ ಮೊದಲ ನಿಯಮಾವಳಿ 1995ರ ಡಿಸೆಂಬರಿನಲ್ಲೇ ಬಂತು. 128 ಬಿಟ್, ಎಂದರೆ ಲೆಕ್ಕಕ್ಕೆ ಮುಗಿಯದಷ್ಟು ವಿಳಾಸ. ಆದರೆ ಐಪಿವಿ4 ಪ್ಯಾಕೆಟ್ಟಿನಲ್ಲಿ ವಿಳಾಸಕ್ಕಿರುವ ಜಾಗ 32 ಬಿಟ್‌ಗೇ ಸೀಮಿತ, ಅದಕ್ಕಿಂತ ಉದ್ದದ್ದು ಅದರಲ್ಲಿ ಹಿಡಿಸುವುದಿಲ್ಲ. ಹೀಗಾಗಿ ಎರಡೂ ನೇರವಾಗಿ ಮಾತಾಡಲಾರವು, ಎರಡನ್ನೂ ಜೊತೆಜೊತೆಗೆ ನಡೆಸಬೇಕು. ಮೊದಲು ಬದಲಾದವನಿಗೆ ಖರ್ಚಲ್ಲದೆ ಲಾಭವಿಲ್ಲ, ಏಕೆಂದರೆ ಎದುರಿಗಿರುವವರು ಇನ್ನೂ ಹಳೆಯದರಲ್ಲೇ ಇರುತ್ತಾರೆ. ಅಷ್ಟರಲ್ಲಿ ನ್ಯಾಟ್ ನೋವನ್ನು ಮರೆಸಿಬಿಟ್ಟಿತು. ತಾತ್ಕಾಲಿಕ ಎಂದು ಬಂದದ್ದು ಮೂವತ್ತು ವರ್ಷ ಕೂತಿತು. ನನ್ನ ಅಭಿಪ್ರಾಯದಲ್ಲಿ ಇಂಟರ್‌ನೆಟ್‌ಗೆ ಆದ ಅತಿ ದೊಡ್ಡ ನಷ್ಟ ಇದೇ. ಯಾವ ಕಂಪ್ಯೂಟರ್ ಬೇಕಾದರೂ ಯಾವುದನ್ನು ಬೇಕಾದರೂ ನೇರವಾಗಿ ಮುಟ್ಟಬಹುದು ಎಂಬುದು ಮೂಲ ವಿನ್ಯಾಸದ ಜೀವಾಳವಾಗಿತ್ತು. ನ್ಯಾಟ್ ಬಂದ ಮೇಲೆ ಸಾಮಾನ್ಯರ ಮನೆ ಹೊರಗಿನವರನ್ನು ಕರೆಯಬಲ್ಲದು, ಆದರೆ ಹೊರಗಿನವರು ಕರೆದರೆ ಓಗೊಡಲಾರದು. ನಮ್ಮ ಕ್ಯಾಮೆರಾ, ನಮ್ಮ ಗೋದಾಮು, ನೋಡುವವರೂ ನಾವೇ, ಆದರೂ ನಡುವೆ ಒಂದು ಕಂಪನಿಯ ಸರ್ವರ್ ಬೇಕೇಬೇಕು ಎಂಬ ಸ್ಥಿತಿ ಬಂದದ್ದು ಹೀಗೆ.

ಮೊಬೈಲಿನಲ್ಲಿ ಮಾತ್ರ ಭಾರತದ ಚಿತ್ರ ಬೇರೆಯೇ ಇದೆ. 2016ರ ಸೆಪ್ಟೆಂಬರ್ 5ರಂದು ಸೇವೆ ಶುರುಮಾಡಿದ ಜಿಯೋಗೆ ಕೋಟಿಗಟ್ಟಲೆ ವಿಳಾಸ ಬೇಕಿತ್ತು, ಹಳೆಯ ಜಾಲದ ಹೊರೆ ಇರಲಿಲ್ಲ. ಅದು ಐಪಿವಿ6ನಿಂದಲೇ ಆರಂಭಿಸಿತು, ಉಳಿದವರೂ ಹಿಂದೆ ಬಂದರು. ಇಂದು ಐಪಿವಿ6 ಬಳಕೆಯಲ್ಲಿ ಪ್ರಪಂಚದ ಮುಂಚೂಣಿ ದೇಶಗಳಲ್ಲಿ ನಮ್ಮದೂ ಒಂದು. ಊರಿನ ಸಣ್ಣ ಫೈಬರ್ ಸೇವೆಗಳಲ್ಲಿ ಹಿಂದುಳಿದಿರುವುದು ವಿಳಾಸ ಸಿಗದೆ ಅಲ್ಲ. ಐಪಿವಿ6 ವಿಳಾಸ ನೋಂದಣಿ ಸಂಸ್ಥೆಯಿಂದ ಧಾರಾಳವಾಗಿ ಸಿಗುತ್ತದೆ. ಹಳೆಯ ಫೈಬರ್ ಡಬ್ಬಿಗಳು, ಐಪಿವಿ4 ಮಾತ್ರ ಗೊತ್ತಿರುವ ಬಿಲ್ಲಿಂಗ್ ಸಾಫ್ಟ್‌ವೇರ್, ಕಲಿತ ಸಿಬ್ಬಂದಿಯ ಕೊರತೆ, ಇವು ತಡೆ.

ನಿಮ್ಮ ಮುಂದಿರುವ ದಾರಿಗಳಲ್ಲಿ ಮೊದಲನೆಯದು ಅವರು ಹೇಳಿದ ಸ್ಟ್ಯಾಟಿಕ್ ಐಪಿ. ಕೊಳ್ಳುವುದಾದರೆ ‘ಪಬ್ಲಿಕ್ ಸ್ಟ್ಯಾಟಿಕ್’ ಎಂದು ಬರವಣಿಗೆಯಲ್ಲೇ ಕೇಳಿ. ಬದಲಾಗದ 10ರ ವಿಳಾಸವನ್ನೇ ಸ್ಟ್ಯಾಟಿಕ್ ಎಂದು ಕೊಟ್ಟುಬಿಡುವುದು ಉಂಟು, ಅದರಿಂದ ನಿಮಗೇನೂ ಉಪಯೋಗವಿಲ್ಲ. ಒಳಬರುವ ಪೋರ್ಟುಗಳಿಗೆ ತಡೆ ಇದೆಯೇ ಎಂದೂ ಕೇಳಿ. ಪಬ್ಲಿಕ್ ಐಪಿ ಬಂದ ಮೇಲಿನ ಅಪಾಯ ಸಣ್ಣದಲ್ಲ. ಮಿಶಿಗನ್ ವಿಶ್ವವಿದ್ಯಾಲಯದವರು 2013ರಲ್ಲಿ ಬಿಡುಗಡೆ ಮಾಡಿದ ಜೆಡ್‌ಮ್ಯಾಪ್ ಎಂಬ ಸಾಧನ ಒಂದೇ ಕಂಪ್ಯೂಟರಿನಿಂದ, ಗಿಗಾಬಿಟ್ ಸಂಪರ್ಕದಲ್ಲಿ, ಇಡೀ ಐಪಿವಿ4 ಜಗತ್ತಿನ ಒಂದು ಪೋರ್ಟನ್ನು 45 ನಿಮಿಷದೊಳಗೆ ತಟ್ಟಿ ನೋಡಬಲ್ಲದು. 32 ಬಿಟ್ ಚಿಕ್ಕದಾದದ್ದರ ಇನ್ನೊಂದು ಫಲ ಇದು: ಅಡಗಿಕೊಳ್ಳಲು ಜಾಗವಿಲ್ಲ. 2016ರಲ್ಲಿ ಮಿರೈ ಎಂಬ ದುಷ್ಟ ತಂತ್ರಾಂಶ ಕಂಪನಿಯವರು ಇಟ್ಟ ಪಾಸ್‌ವರ್ಡ್ ಬದಲಾಯಿಸದ ಡಿವಿಆರ್, ಕ್ಯಾಮೆರಾಗಳನ್ನು ಹೀಗೆಯೇ ಹುಡುಕಿ ಹಿಡಿದಿತ್ತು. ಹೆಸರು ಮತ್ತು ಪಾಸ್‌ವರ್ಡ್‌ಗಳ 60ಕ್ಕೂ ಹೆಚ್ಚು ಜೋಡಿಗಳ ಒಂದು ಪಟ್ಟಿ, ಅಷ್ಟೇ ಅದರ ಆಯುಧ. ಆ ವರ್ಷದ ಅಕ್ಟೋಬರ್ 21ರಂದು ಅವನ್ನು ಬಳಸಿ ತಾಣದ ಹೆಸರನ್ನು ಐಪಿಗೆ ತಿರುಗಿಸಿಕೊಡುವ ಡೈನ್ ಎಂಬ ಡಿಎನ್‌ಎಸ್ ಸಂಸ್ಥೆಯ ಮೇಲೆ ದಾಳಿ ಮಾಡಿ, ಅಮೆರಿಕದಲ್ಲಿ ಟ್ವಿಟರ್‌ನಂಥ ದೊಡ್ಡ ತಾಣಗಳು ಗಂಟೆಗಟ್ಟಲೆ ತೆರೆಯದಂತೆ ಮಾಡಿದರು. ಆದ್ದರಿಂದ ಪಬ್ಲಿಕ್ ಐಪಿ ಕೊಂಡರೂ ಡಿವಿಆರ್‌ನ 80, 554, 8000, 37777ರಂಥ ಪೋರ್ಟುಗಳನ್ನು ತೆರೆಯಬಾರದು. ವಿಪಿಎನ್, ಎಂದರೆ ಇಂಟರ್‌ನೆಟ್ ಮೂಲಕ ಹಾದುಹೋಗುವ ಗುಪ್ತಲಿಪಿಯ ಖಾಸಗಿ ಸುರಂಗ, ಅದರ ಒಂದು ಪೋರ್ಟ್ ಮಾತ್ರ ತೆರೆಯಬೇಕು.

ಎರಡನೆಯದು ಐಪಿವಿ6 ಕೊಡಿ ಎಂದು ಕೇಳುವುದು. ರೂಟರಿನ ಐಪಿವಿ6 ಪುಟದಲ್ಲಿ ಡಿಎಚ್‌ಸಿಪಿವಿ6 ಹಾಗೂ ಪ್ರಿಫಿಕ್ಸ್ ಡೆಲಿಗೇಶನ್ ಆನ್ ಮಾಡಿ ನೋಡಿ. 24ರಿಂದ ಆರಂಭವಾಗುವ ಉದ್ದದ ವಿಳಾಸ ಬಂದರೆ ಸೇವೆ ಇದೆ. ಬರೀ ಎಫ್‌ಇ80 ಎಂದು ಕಂಡರೆ ಅದು ನಿಮ್ಮ ಗೋಡೆಯೊಳಗಿನ ವಿಳಾಸ, ಹೊರಗೆ ನಡೆಯದು. ಇಲ್ಲಿ ತೊಡಕುಗಳಿವೆ. ಕರೆಂಟು ಹೋಗಿ ಬಂದಾಗ ಪ್ರಿಫಿಕ್ಸ್ (ವಿಳಾಸದ ಮೊದಲ ಭಾಗ) ಬದಲಾಗಬಹುದು. ಹಳೆಯ ಡಿವಿಆರ್‌ಗಳ ಮೆನುವಿನಲ್ಲಿ ಐಪಿವಿ6 ಎಂದಿದ್ದರೂ ಅದರ ಮೊಬೈಲ್ ಆ್ಯಪ್ ಅದನ್ನು ಸ್ವೀಕರಿಸದಿರಬಹುದು. ಮಗಳು ಮೊಬೈಲ್ ಡೇಟಾದಲ್ಲಿ ನೋಡಿದರೆ ಸರಿ, ಐಪಿವಿ6 ಇಲ್ಲದ ಕಚೇರಿಯ ವೈಫೈನಲ್ಲಿ ನೋಡಿದರೆ ತಲುಪುವುದಿಲ್ಲ. ‘ನ್ಯಾಟ್ ಇಲ್ಲದ್ದರಿಂದ ಐಪಿವಿ6 ಅಸುರಕ್ಷಿತ’ ಎಂಬುದು ತಪ್ಪು ತಿಳಿವಳಿಕೆ. ಕಾಯುವುದು ಫೈರ್‌ವಾಲ್. ಅದು ಒಳಬರುವುದನ್ನು ತಡೆಯುವಂತೆ ಇದೆಯೇ ಎಂದು ನೋಡಿಕೊಂಡರೆ ಸಾಕು, ಅದನ್ನು ಆಫ್ ಮಾಡಿ ‘ಈಗ ಬರ್ತಿದೆ ಸಾರ್’ ಎನ್ನುವವರನ್ನು ಮಾತ್ರ ದೂರ ಇಡಿ.

ಮೂರನೆಯದು ಡಿವಿಆರ್ ಕಂಪನಿಯ ಕ್ಲೌಡ್, ಕ್ಯೂಆರ್ ಕೋಡ್ ತೋರಿಸಿ ಜೋಡಿಸುವಂಥದ್ದು. ಡಿವಿಆರ್ ತಾನೇ ಹೊರಗೆ ಹೋಗಿ ಕಂಪನಿಯ ಸರ್ವರಿಗೆ ಸಂಪರ್ಕ ಹಿಡಿದುಕೊಂಡಿರುತ್ತದೆ, ಆದ್ದರಿಂದ ಸಿಜಿನ್ಯಾಟ್ ಅಡ್ಡಿಯಾಗದು. ಹತ್ತು ನಿಮಿಷದ ಕೆಲಸ, ಬಹಳ ಜನರಿಗೆ ಇದೇ ಸಾಕು. ಬೆಲೆ ಏನೆಂದರೆ ನಿಮ್ಮ ಗೋದಾಮಿನ ಬಾಗಿಲ ಕೀಲಿ ಆ ಕಂಪನಿಯ ಕೈಯಲ್ಲೂ ಇರುತ್ತದೆ. 2019ರಲ್ಲಿ ಐಲಿಂಕ್‌ಪಿ2ಪಿ ಎಂಬ ಇಂಥ ಒಂದು ತಂತ್ರಾಂಶದಲ್ಲಿ ಉಪಕರಣದ ಗುರುತಿನ ಸಂಖ್ಯೆ ಊಹಿಸಿಯೇ ಒಳಹೋಗಬಹುದೆಂದು ಬಯಲಾಯಿತು. ಅದನ್ನು ಬಳಸುತ್ತಿದ್ದದ್ದು 20 ಲಕ್ಷಕ್ಕೂ ಹೆಚ್ಚು ಉಪಕರಣ. ಹೆಸರಿಲ್ಲದ ಅಗ್ಗದ ಡಿವಿಆರ್ ಆದರೆ ಈ ದಾರಿ ಬೇಡ. ಫರ್ಮ್‌ವೇರ್ ಅಪ್‌ಡೇಟ್ ಕೊಡುತ್ತಿರುವ ಕಂಪನಿಯದ್ದಾದರೆ, ಉದ್ದದ ಪಾಸ್‌ವರ್ಡ್ ಇಟ್ಟು, ವಿಡಿಯೋ ಎನ್‌ಕ್ರಿಪ್ಶನ್ ಆನ್ ಮಾಡಿ ಬಳಸಬಹುದು.

ನಾಲ್ಕನೆಯದು ನಾನು ನಿಮಗೆ ಸೂಚಿಸುವ ದಾರಿ: ಗೋದಾಮಿನಿಂದಲೇ ಹೊರಗೆ ವಿಪಿಎನ್ ಹಿಡಿಯುವುದು. ಮುಂಬೈ ಅಥವಾ ಬೆಂಗಳೂರಿನ ಡೇಟಾ ಸೆಂಟರಿನಲ್ಲಿ ಒಂದು ಚಿಕ್ಕ ಲಿನಕ್ಸ್ ವಿಪಿಎಸ್ (ದೂರದಿಂದ ಬಳಸುವ ಸರ್ವರ್) ಬಾಡಿಗೆಗೆ ತೆಗೆದುಕೊಳ್ಳಿ, 1 ಜಿಬಿ ರ‍್ಯಾಮ್ ಸಾಕು. ಅದಕ್ಕೆ ಪಬ್ಲಿಕ್ ಐಪಿ ಇರುತ್ತದೆ. ಗೋದಾಮಿನಲ್ಲಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಅಥವಾ ಓಪನ್‌ಡಬ್ಲ್ಯುಆರ್‌ಟಿ ತಂತ್ರಾಂಶ ಹಾಕಬಹುದಾದ ರೂಟರ್. ಎರಡರಲ್ಲೂ ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶ. ವಿಪಿಎಸ್‌ಗೆ 10.66.0.1, ಗೋದಾಮಿಗೆ 10.66.0.2, ಮಗಳ ಫೋನಿಗೆ 10.66.0.3 ಎಂದು ಒಳವಿಳಾಸ ಕೊಟ್ಟು, ವಿಪಿಎಸ್‌ನಲ್ಲಿ ಯುಡಿಪಿ 51820 ಒಂದನ್ನು ತೆರೆಯಬೇಕು. ಗೋದಾಮಿನ ಕಡೆ ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಸೆಕೆಂಡ್ ಇಡಿ. ಏನೂ ಓಡಾಡದಿದ್ದರೆ ಕೆಲವು ನ್ಯಾಟ್‌ಗಳು ಅರ್ಧ ನಿಮಿಷಕ್ಕೇ ಸಂಪರ್ಕದ ಗುರುತನ್ನು ಅಳಿಸುತ್ತವೆ, ಆಮೇಲೆ ಹೊರಗಿನಿಂದ ಕರೆದರೆ ತಲುಪುವುದಿಲ್ಲ. ವಿಪಿಎಸ್ ಮತ್ತು ಪೈ ಎರಡರಲ್ಲೂ ಐಪಿ ಫಾರ್ವರ್ಡಿಂಗ್ (ಬಂದ ಪ್ಯಾಕೆಟ್ಟನ್ನು ಮುಂದೆ ದಾಟಿಸುವುದು) ಆನ್ ಇರಬೇಕು, ಪೈನಲ್ಲಿ ಡಿವಿಆರ್ ಕಡೆಗೆ ಮಾಸ್ಕರೇಡ್ ನಿಯಮ (ಕಳಿಸಿದವರ ಜಾಗದಲ್ಲಿ ಪೈನ ವಿಳಾಸ ಇಡುವುದು) ಇರಬೇಕು. ಇಲ್ಲದಿದ್ದರೆ ಡಿವಿಆರ್ ತನ್ನ ಉತ್ತರವನ್ನು ಮಾಮೂಲಿ ರೂಟರಿಗೆ ಕಳಿಸಿ ಅಲ್ಲೇ ಕಳೆದುಕೊಳ್ಳುತ್ತದೆ.

ಇದರಲ್ಲಿ ಕೆಡುವ ಜಾಗಗಳು ಮೂರು ನಾಲ್ಕು ಇವೆ, ಎಲ್ಲರೂ ಅಲ್ಲೇ ಎಡವುತ್ತಾರೆ. ಗೋದಾಮಿನ ಒಳಜಾಲ 192.168.1 ಆಗಿದ್ದು ಮಗಳ ಮನೆಯದ್ದೂ ಅದೇ ಆಗಿದ್ದರೆ, ಆಕೆಯ ಫೋನು ಡಿವಿಆರ್ ಅನ್ನು ತನ್ನ ಮನೆಯಲ್ಲೇ ಹುಡುಕುತ್ತದೆ. ಆದ್ದರಿಂದ ಮೊದಲೇ ಗೋದಾಮಿನದ್ದನ್ನು 192.168.57ರಂಥ ಅಪರೂಪದ ಸಂಖ್ಯೆಗೆ ಬದಲಿಸಿ, ಡಿವಿಆರ್‌ಗೆ ಅದರಲ್ಲೊಂದು ಸ್ಥಿರ ವಿಳಾಸ ಕೊಡಿ, ಆ ಜಾಲವನ್ನು ವೈರ್‌ಗಾರ್ಡಿನ ಅನುಮತಿ ಪಟ್ಟಿಯಲ್ಲಿ, ವಿಪಿಎಸ್‌ನಲ್ಲಿ ಪೈನ ಹೆಸರಿನಡಿ ಮತ್ತು ಮಗಳ ಫೋನಿನಲ್ಲಿ ವಿಪಿಎಸ್ ಹೆಸರಿನಡಿ, ಎರಡೂ ಕಡೆ ಬರೆಯಿರಿ. ಇನ್ನೊಂದು, ಲಾಗಿನ್ ಪುಟ ಬರುತ್ತದೆ, ವಿಡಿಯೋ ಮಾತ್ರ ಕಪ್ಪಾಗಿ ನಿಲ್ಲುತ್ತದೆ ಎಂದಾದರೆ ಬಹುತೇಕ ಎಂಟಿಯು, ಎಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರದ ತೊಂದರೆ. ಪಿಪಿಪಿಒಇ ಸಂಪರ್ಕದಲ್ಲಿ ಪ್ಯಾಕೆಟ್ಟಿಗೆ ಜಾಗ 1,500 ಅಲ್ಲ, 1,492 ಬೈಟ್. ವೈರ್‌ಗಾರ್ಡ್ ಅದರಲ್ಲಿ 80ರವರೆಗೆ ತಿನ್ನುತ್ತದೆ. ಮಾಮೂಲಿ 1,420 ಬಿಟ್ಟು 1,412 ಅಥವಾ ಅದಕ್ಕಿಂತ ಕಡಿಮೆ ಇಡಿ, 1,380 ಇಟ್ಟರೆ ನಿಶ್ಚಿಂತೆ.

ತಿಪಟೂರಿನಲ್ಲಿ ಕರೆಂಟು ಹೋಗುವುದು ಹೊಸದಲ್ಲ, ಅದಕ್ಕೆ ಇದನ್ನೂ ಹೇಳುತ್ತೇನೆ. ಹಳೆಯ ಮಾದರಿಯ ರಾಸ್ಪ್‌ಬೆರಿ ಪೈಗಳಲ್ಲಿ ಬ್ಯಾಟರಿ ಗಡಿಯಾರವಿಲ್ಲ. ಕರೆಂಟು ಬಂದಾಗ ಅದು ಹಳೆಯ ಸಮಯದಿಂದ ಏಳುತ್ತದೆ. ಹಿಂದೆ ಕಂಡ ಸಮಯಕ್ಕಿಂತ ಹಳೆಯ ಸಮಯ ಹೊತ್ತು ಬಂದ ಕರೆಯನ್ನು ವೈರ್‌ಗಾರ್ಡ್ ತಿರಸ್ಕರಿಸುತ್ತದೆ. ಯಾರೋ ಹಳೆಯ ಪ್ಯಾಕೆಟ್ ಕದ್ದು ಮತ್ತೆ ಕಳಿಸದಿರಲೆಂದು ಹಾಗೆ ಮಾಡಿದ್ದಾರೆ. ಸಮಯ ಸರಿಹೊಂದುವವರೆಗೆ ಕ್ಯಾಮೆರಾ ಕಾಣುವುದಿಲ್ಲ. ಸಮಯ ಹೊಂದಿಸುವ ಸೇವೆ ವಿಪಿಎನ್ ಹೊರಗಿನಿಂದಲೇ ನಡೆಯುವಂತೆ ನೋಡಿಕೊಳ್ಳಿ, ಅಥವಾ ಚಿಕ್ಕ ಆರ್‌ಟಿಸಿ (ಬ್ಯಾಟರಿ ಗಡಿಯಾರ) ಮಾಡ್ಯೂಲ್ ಹಾಕಿಸಿ. ಫೈಬರ್ ಡಬ್ಬಿ, ರೂಟರ್, ಪೈ ಮೂರನ್ನೂ 12 ವೋಲ್ಟಿನ ಮಿನಿ ಯುಪಿಎಸ್‌ನಲ್ಲಿ ಇಡುವುದು ಒಳ್ಳೆಯದು, ಪೈಗೆ 5 ವೋಲ್ಟಿನ ಕವಲು ಬೇಕಾಗುತ್ತದೆ.

ಡೇಟಾ ಲೆಕ್ಕವನ್ನೂ ನೋಡಿ. ಒಂದು ಕ್ಯಾಮೆರಾವನ್ನು 2 ಮೆಗಾಬಿಟ್‌ನಲ್ಲಿ ಒಂದು ಗಂಟೆ ನೋಡಿದರೆ 900 ಎಂಬಿ, ನಾಲ್ಕೂ ನೋಡಿದರೆ 3.6 ಜಿಬಿ. ದಿನವಿಡೀ ತೆರೆದಿಟ್ಟರೆ ವಿಪಿಎಸ್‌ನ ತಿಂಗಳ ಮಿತಿ ಬೇಗ ಮುಗಿಯುತ್ತದೆ. ಹೊರಗಿನಿಂದ ನೋಡುವಾಗ ಸಬ್‌ಸ್ಟ್ರೀಮ್ (ಕಡಿಮೆ ಗುಣಮಟ್ಟದ ದೃಶ್ಯ) ಆರಿಸಿ, 512 ಕಿಲೋಬಿಟ್‌ನಲ್ಲಿ ಗಂಟೆಗೆ 230 ಎಂಬಿ ಮಾತ್ರ. ಏನಾದರೂ ಘಟನೆ ನಡೆದಾಗ ಮಾತ್ರ ಮುಖ್ಯ ಸ್ಟ್ರೀಮ್ ತೆರೆಯಿರಿ.

ವಿಪಿಎಸ್ ನೋಡಿಕೊಳ್ಳಲು ಯಾರೂ ಇಲ್ಲದಿದ್ದರೆ ಟೇಲ್‌ಸ್ಕೇಲ್‌ನಂಥ ಸಿದ್ಧ ಸೇವೆ ಇದೆ. ಒಳಗೆ ಅದೂ ವೈರ್‌ಗಾರ್ಡೇ, ಪೈನಲ್ಲಿ ಸಬ್‌ನೆಟ್ ರೂಟರ್ (ಗೋದಾಮಿನ ಒಳಜಾಲಕ್ಕೆ ದಾರಿ ಮಾಡಿಕೊಡುವುದು) ಆಗಿ ಹಾಕಿದರೆ ಡಿವಿಆರ್ ಕಾಣುತ್ತದೆ. ಖಾತೆಯ ಪಾಸ್‌ವರ್ಡ್ ಹೋದರೆ ಎಲ್ಲವೂ ಹೋಗುತ್ತದೆ, ಆದ್ದರಿಂದ ಎರಡು ಹಂತದ ಪರಿಶೀಲನೆ ಕಡ್ಡಾಯ. ಅದು ಕೊಡುವ ವಿಳಾಸಗಳೂ ನಿಮ್ಮ ಕೇಬಲ್‌ನವರ ಹಾಗೆ 100.64ರ ಗುಂಪಿನಿಂದಲೇ ಬರುತ್ತವೆ. ಪೈ ರೂಟರಿನ ಹಿಂದೆ ಇರುವವರೆಗೆ ತೊಂದರೆಯಿಲ್ಲ. ಕೇಬಲ್‌ನವರ ತಂತಿ ನೇರವಾಗಿ ಸೇರುವ ರೂಟರಿನಲ್ಲೇ ಅದನ್ನು ಹಾಕಿದರೆ ಎರಡೂ ತಾಗಿ ಗೊಂದಲವಾಗಬಹುದು.

ನಿಮ್ಮ ಸ್ಥಾನದಲ್ಲಿ ನಾನಿದ್ದಿದ್ದರೆ ಈ ಸಿದ್ಧ ಸೇವೆಯಿಂದ ಶುರುಮಾಡಿ, ತಿಂಗಳು ನೋಡಿ, ಸಾಲದಿದ್ದರೆ ಸ್ವಂತ ವಿಪಿಎಸ್‌ಗೆ ಹೋಗುತ್ತಿದ್ದೆ. ಸ್ಟ್ಯಾಟಿಕ್ ಐಪಿ ಕೊಳ್ಳುವ ಅಗತ್ಯ ನಿಮಗಿಲ್ಲ. ಕೇಬಲ್‌ನವರಿಗೆ ಕೊಡುವ ಒತ್ತಾಯ ಐಪಿವಿ6ಗಾಗಿ ಇರಲಿ. ಕೇಳುವ ಗ್ರಾಹಕರಿಲ್ಲ ಎಂಬುದೇ ಅವರ ಮಾಮೂಲಿ ಉತ್ತರ, ಆದ್ದರಿಂದ ಬಾಯಿಮಾತಿನಲ್ಲಿ ಬಿಡದೆ ದೂರಿನ ಸಂಖ್ಯೆ ಪಡೆದು ಕೇಳಿ. ಇನ್ನು ಕ್ಯಾಮೆರಾ ಹಾಕಿದ ಹುಡುಗನಿಂದ ಡಿವಿಆರ್‌ನ ಅಡ್ಮಿನ್ ಪಾಸ್‌ವರ್ಡ್ ತೆಗೆದುಕೊಂಡು ನೀವೇ ಬದಲಾಯಿಸಿ. ನೋಡಲು ಮಾತ್ರ ಅನುಮತಿಯಿರುವ ಬೇರೆ ಖಾತೆಯೊಂದನ್ನು ಮಗಳಿಗೆ ಮಾಡಿಕೊಡಿ. ರೂಟರಿನ ಯುಪಿಎನ್‌ಪಿ ಆಫ್ ಮಾಡಿ, ಹಳೆಯ ಪೋರ್ಟ್ ಫಾರ್ವರ್ಡ್ ನಿಯಮಗಳು ಇನ್ನೂ ಉಳಿದಿದ್ದರೆ ಅವನ್ನೂ ಅಳಿಸಿ.